ಅರ್ಧ ಮಿಲಿಮೀಟರಿನ ಗಂಟು

ಕರಾವಳಿಯ ಮರದ ದೋಣಿಗಳಿಗೆ ಹಿಂದೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುವ ರೂಢಿಯಿತ್ತು. ಬಿಸಿಲಿಗೆ ಒಣಗಿದ ಹಲಗೆ ಎಣ್ಣೆ ಕುಡಿದು ಮತ್ತೆ ಕಪ್ಪಗೆ ಮಿರುಗುತ್ತಿತ್ತು. ಮಾಸಿದ್ದಕ್ಕೆ ಮೇಲೊಂದು ಕೈ ಬಳಿದರೆ ಹೊಸದಾಗುತ್ತದೆ ಎಂಬ ನಮ್ಮ ನಂಬಿಕೆ ಇಂಥ ಮರದಿಂದ, ಸುಣ್ಣದ ಗೋಡೆಯಿಂದ ಬಂದದ್ದು. ಫೈಬರ್ ದೋಣಿಯ ಮುಂದೆ ಅದು ನಡೆಯುವುದಿಲ್ಲ. 1942ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ರೇ ಗ್ರೀನ್ ಗಾಜಿನ ನಾರಿಗೆ ಪಾಲಿಯೆಸ್ಟರ್ ರಾಳ ಸೇರಿಸಿ ದೋಣಿ ಮಾಡಿದ ಮೇಲೆ, ಮುಂದಿನ ಎರಡು ಮೂರು ದಶಕಗಳಲ್ಲಿ ವಿಹಾರದ ದೋಣಿಗಳು ಬಹುಪಾಲು ಈ ವಸ್ತುವಿಗೇ ಹೊರಳಿದವು. ಚಳಿಗಾಲವಿಡೀ ದಡದ ಮೇಲೆ ಕೂತ ದೋಣಿಯನ್ನು ಮತ್ತೆ ನೀರಿಗಿಳಿಸುವ ಮುಂಚೆ ಪಾಲಿಶ್ ಮೆಷಿನ್ ಹಿಡಿದು ಉಜ್ಜುವುದು ಅಮೆರಿಕ, ಬ್ರಿಟನ್‌ಗಳ ದೋಣಿ ಮಾಲೀಕರಿಗೆ ವರ್ಷದ ಕೆಲಸ. ಮೊದಲ ಸಲ ಮೆಷಿನ್ ಹಿಡಿಯುವವರು ಯಾವ ಕಾಂಪೌಂಡ್ (ಉಜ್ಜುವ ಲೇಪ) ಹಚ್ಚಲಿ ಎಂದು ಕೇಳುತ್ತಾರೆ. ಎಷ್ಟನ್ನು ಉಳಿಸಲಿ ಎಂದು ಕೇಳಿದ್ದರೆ ಅವರ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಫೈಬರ್ ದೋಣಿ ಹುಟ್ಟುವುದು ಹೊರಗಿನಿಂದ ಒಳಕ್ಕೆ. ಕನ್ನಡಿಯಂತೆ ನುಣುಪು ಮಾಡಿ ಮೇಣ ಸವರಿದ ಅಚ್ಚಿನೊಳಗೆ ಮೊದಲು ಬಣ್ಣ ಬೆರೆಸಿದ ರಾಳವನ್ನು ಸಿಂಪಡಿಸುತ್ತಾರೆ, ಅದೇ ಜೆಲ್‌ಕೋಟ್. ಅದರ ಬೆನ್ನಿಗೆ ಗಾಜಿನ ನಾರಿನ ಪದರಗಳನ್ನು ರಾಳದಲ್ಲಿ ನೆನೆಸಿ ಕೂರಿಸುತ್ತಾರೆ. ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿದರೆ ಕಾಣುವ ಥಳಥಳ ಅಚ್ಚಿನ ನುಣುಪಿನ ಪಡಿಯಚ್ಚು, ಯಾರೂ ಬಳಿದದ್ದಲ್ಲ. ಈ ಪದರದ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಬಿಸಿಲಿನ ನೇರಳಾತೀತ ಕಿರಣಗಳು ವರ್ಷಗಟ್ಟಲೆ ಬಡಿದಾಗ ಮೇಲ್ಮೈಯ ರಾಳ ಶಿಥಿಲವಾಗಿ ಸಣ್ಣ ಸಣ್ಣ ಕುಳಿ ಬೀಳುತ್ತದೆ, ಕೈಯಾಡಿಸಿದರೆ ಚಾಕ್‌ಪೀಸಿನಂಥ ಪುಡಿ ಅಂಗೈಗೆ ಅಂಟುತ್ತದೆ. ನುಣುಪಾಗಿದ್ದಾಗ ಒಂದೇ ದಿಕ್ಕಿಗೆ ಮರಳುತ್ತಿದ್ದ ಬೆಳಕು ಈಗ ನೂರು ದಿಕ್ಕಿಗೆ ಚೆದುರುತ್ತದೆ. ನಾವು ಮಂಕು ಎನ್ನುವುದು ಇದನ್ನೇ. ಅದರ ಮೇಲೆ ನೀರೆರಚಿ ನೋಡಿದರೆ ಗುಟ್ಟು ಬಯಲಾಗುತ್ತದೆ: ನೀರು ಕುಳಿಗಳನ್ನು ತುಂಬಿದಷ್ಟು ಹೊತ್ತು ಹೊಳಪು ಮರಳುತ್ತದೆ, ಆರಿದೊಡನೆ ಮಾಯ. ಮಾಸಿದ ಮೈಗೆ ನೇರವಾಗಿ ವ್ಯಾಕ್ಸ್ ಹಚ್ಚಿದರೆ ಆಗುವುದೂ ಹೆಚ್ಚುಕಡಿಮೆ ಇದೇ, ನೀರಿಗಿಂತ ಒಂದಿಷ್ಟು ದಿನ ಜಾಸ್ತಿ ಅಷ್ಟೇ. ನಿಜವಾದ ಹೊಳಪು ಬೇಕಾದರೆ ಕೆಟ್ಟ ಪದರವನ್ನು ಸವೆಸಿ ಕೆಳಗಿನ ಗಟ್ಟಿ ರಾಳವನ್ನು ನುಣುಪು ಮಾಡಬೇಕು. ಅಂದರೆ ಪ್ರತಿ ಪಾಲಿಶೂ ಆ ಅರ್ಧ ಮಿಲಿಮೀಟರಿನ ಗಂಟಿನಿಂದ ತೆಗೆದ ಖರ್ಚು, ಮತ್ತೆ ಜಮೆಯಾಗದ ಖರ್ಚು.

ಮೊಸಾಯಿಕ್ ನೆಲಕ್ಕೆ ಪಾಲಿಶ್ ಹೊಡೆಸಿದವರಿಗೆ ಕ್ರಮ ಗೊತ್ತು: ಒರಟು ಕಲ್ಲು ಮೊದಲು, ನಯ ಕಲ್ಲು ಆಮೇಲೆ. ಒರಟಿನ ಗೀರನ್ನು ನಯವಾದದ್ದು ಅಳಿಸುತ್ತ ಹೋಗುತ್ತದೆ. ದೋಣಿಯಲ್ಲೂ ವಾಟರ್ ಪೇಪರ್, ಕಾಂಪೌಂಡ್, ಪಾಲಿಶ್ ಎಂಬ ಇಳಿತ ಇದೆ. ಆದರೆ ನೆಲಕ್ಕೆ ಸವೆಯಲು ಸಾಕಷ್ಟು ದಪ್ಪವಿದೆ, ಜೆಲ್‌ಕೋಟಿಗೆ ಇಲ್ಲ. ಆದ್ದರಿಂದ ಯಾವುದು ಸಾಕೆಂದು ಹೊಸಬರು ಹುಡುಕುವಾಗ ಈ ಕ್ರಮವನ್ನು ತಿರುವಿ ಹಾಕಬೇಕು. ಉಪ್ಪು, ಜಿಡ್ಡು, ಹಳೆಯ ವ್ಯಾಕ್ಸ್ ಎಲ್ಲ ಹೋಗುವಂತೆ ತೊಳೆದು, ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡಡಿ ಚೌಕ ಗುರುತಿಸಿ, ಅತಿ ನಯವಾದ ಪಾಲಿಶಿನಿಂದಲೇ ಶುರು ಮಾಡಬೇಕು. ಅದಕ್ಕೆ ಬಗ್ಗದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿಗೆ ಹೋಗಬೇಕು. ವಾಟರ್ ಪೇಪರ್ ಕೊನೆಯ ಅಸ್ತ್ರ. ಒಂದು ಚೌಕ ಕಲಿಸಿದ ಪಾಠವನ್ನು ಇಡೀ ದೋಣಿಗೆ ಅನ್ವಯಿಸಿದರಾಯಿತು.

ಮೆಷಿನ್ನಿನ ಆಯ್ಕೆಗೂ ಇದೇ ಲೆಕ್ಕ. ರೋಟರಿ ಮೆಷಿನ್ ಒಂದೇ ಅಕ್ಷದ ಮೇಲೆ ಗಿರಗಿರ ತಿರುಗುತ್ತದೆ. ಏಳು ಇಂಚಿನ ಪ್ಯಾಡ್ ನಿಮಿಷಕ್ಕೆ 1800 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ಉಜ್ಜುತ್ತಿರುತ್ತದೆ, ನಟ್ಟನಡು ಮಾತ್ರ ನಿಂತಲ್ಲೇ ಇರುತ್ತದೆ. ಕೈ ಸ್ವಲ್ಪ ವಾಲಿದರೂ ಆ ಅಂಚೊಂದೇ ಮೈಗೆ ತಾಗಿ, ಶಾಖವೂ ಸವೆತವೂ ಒಂದೇ ಕಡೆ ಸೇರುತ್ತವೆ. ಡ್ಯುಯಲ್ ಆಕ್ಷನ್ ಮೆಷಿನ್ನಿನ ಪ್ಯಾಡ್ ತಿರುಗುವುದರ ಜೊತೆಗೆ ಓಲಾಡುತ್ತದೆ. ಅದರ ಸಾಮಾನ್ಯ ಮಾದರಿಗಳಲ್ಲಿ ಗಟ್ಟಿಯಾಗಿ ಒತ್ತಿದರೆ ತಿರುಗುವುದೇ ನಿಂತುಹೋಗುತ್ತದೆ. ಪಳಗಿದವರು ಇದನ್ನು ನಿಧಾನವೆಂದು ಬೈಯುತ್ತಾರೆ, ಅವರ ಮಾತು ಸುಳ್ಳಲ್ಲ. ದಪ್ಪಗೆ ಪುಡಿಗಟ್ಟಿದ ಮೈಯನ್ನು ಉಣ್ಣೆಯ ಪ್ಯಾಡ್ ತೊಟ್ಟ ರೋಟರಿ ಒಂದು ದಿನದಲ್ಲಿ ಬಿಡಿಸಿದರೆ ಇದಕ್ಕೆ ಎರಡು ಮೂರು ದಿನ ಬೇಕಾದೀತು. ಆದರೆ ಕಲಿಯುವವರಿಗೆ ಆ ನಿಧಾನವೇ ಲಾಭ: ತಪ್ಪು ಕಣ್ಣಿಗೆ ಬೀಳುವಷ್ಟು ಹೊತ್ತು ಸಿಗುತ್ತದೆ. ಅನಿವಾರ್ಯವಾಗಿ ರೋಟರಿಯೇ ಬೇಕೆಂದರೆ ಕಡಿಮೆ ವೇಗದಲ್ಲಿ ಕಾಂಪೌಂಡ್ ಹರಡಿ, ಪ್ಯಾಡನ್ನು ಚಪ್ಪಟೆಯಾಗಿ ಇಟ್ಟು, ಒಂದು ಓಟದ ಅರ್ಧದ ಮೇಲೆ ಇನ್ನೊಂದು ಓಟ ಬರುವಂತೆ, ಎಲ್ಲಿಯೂ ನಿಲ್ಲದೆ ಸಾಗಬೇಕು. ಮೈ ಮುಟ್ಟಿ ನೋಡುತ್ತಿರಬೇಕು, ಬೆಚ್ಚಗಾದರೆ ಸರಿ, ಸುಡುತ್ತಿದ್ದರೆ ತಪ್ಪು. ಮಧ್ಯಾಹ್ನದ ಬಿಸಿಲಲ್ಲಿ ಕಾಂಪೌಂಡ್ ಒಣಗಿ ಹೆಕ್ಕಳೆಗಟ್ಟುವುದರಿಂದ ನೆರಳು ಬೇಕೇ ಬೇಕು. ವಯರನ್ನು ಭುಜದ ಮೇಲೆ ಹಾಕಿಕೊಳ್ಳುವುದು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇವನ್ನು ಹೇಳಿಕೊಡಬೇಕಾಗಿಲ್ಲ. ನೀರಿನಲ್ಲಿ ಮುಳುಗುವ ಭಾಗಕ್ಕೆ ಬಳಿದ, ಚಿಪ್ಪುಜೀವಿಗಳಾದ ಬರ್ನಕಲ್‌ಗಳು ಅಂಟದಂತೆ ತಡೆಯುವ ವಿಷದ ಬಣ್ಣದ ಹತ್ತಿರ ಮಾತ್ರ ಈ ಮೆಷಿನ್ ಸುಳಿಯಬಾರದು.

ಕಾರಿನ ಮೇಲಿನ ಪಾರದರ್ಶಕ ಪದರ 40-50 ಮೈಕ್ರಾನ್ ಇದ್ದರೆ ಜೆಲ್‌ಕೋಟ್ ಅದರ ಹತ್ತು ಪಟ್ಟು ದಪ್ಪ, ಇಷ್ಟೇಕೆ ಜಿಪುಣತನ ಎಂದು ಕೇಳಬಹುದು. ಸರಾಸರಿಯಲ್ಲಿ ಇದು ನಿಜ. ಆದರೆ ಅಚ್ಚಿನ ಚೂಪು ಮೂಲೆ, ಅಂಚುಗಳಲ್ಲಿ ಸಿಂಪಡಿಸಿದ ರಾಳ ಒಂದೇ ಸಮ ಕೂರುವುದಿಲ್ಲ. ಮೆಷಿನ್ ಹೆಚ್ಚು ತಿನ್ನುವುದೂ ಆ ಏಣುಗಳನ್ನೇ. ಸಾಲದ್ದಕ್ಕೆ ಇಪ್ಪತ್ತು ವರ್ಷದ ದೋಣಿಯ ಹಿಂದಿನ ಮಾಲೀಕರು ಎಷ್ಟು ಸಲ ಉಜ್ಜಿದ್ದಾರೆಂದು ಯಾವ ಕಡತದಲ್ಲೂ ಬರೆದಿರುವುದಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಹೊಳೆಯದಿದ್ದರೇನು, ದೋಣಿ ತೇಲುವುದಿಲ್ಲವೇ? ತೇಲುತ್ತದೆ. ಮೀನಿಗೆ ಹೋಗುವ ದೋಣಿಗೆ ಕನ್ನಡಿಯ ಮೈ ಬೇಡ ಎನ್ನುವವರ ಜೊತೆ ಜಗಳಕ್ಕೆ ಕಾರಣವಿಲ್ಲ. ಕುಳಿಬಿದ್ದ ಮೈ ಕೊಳೆಯನ್ನು ಬೇಗ ಹಿಡಿಯುತ್ತದೆ, ಮುಂದಿನ ಸಲ ಉಜ್ಜುವ ಕೆಲಸ ಹೆಚ್ಚುತ್ತದೆ ಎಂಬುದಷ್ಟೇ ಹೊಳಪಿನ ಪರವಾದ ವಾದ. ಜೆಲ್‌ಕೋಟಿನ ಮೂಲ ಕೆಲಸ ಗಾಜಿನ ನಾರಿನ ಪದರಗಳನ್ನು ನೀರು, ಬಿಸಿಲುಗಳಿಂದ ಕಾಯುವುದು. ಅಂದಕ್ಕಾಗಿ ಆ ಕಾವಲನ್ನೇ ತೆಳ್ಳಗೆ ಮಾಡುವುದು ಹಾಸ್ಯಾಸ್ಪದ. ಉಜ್ಜಿದ ಮೇಲೆ ಹಚ್ಚುವ ವ್ಯಾಕ್ಸಿನ ಬೆಲೆ ಇಲ್ಲಿದೆ: ಕೆಲವು ತಿಂಗಳಲ್ಲಿ ಅಳಿದುಹೋಗುವ, ಮತ್ತೆ ಹಚ್ಚಬಹುದಾದ ಪದರವದು. ಅದನ್ನು ತಪ್ಪದೆ ಹಚ್ಚುತ್ತ ಬಂದವರಿಗೆ ಕಾಂಪೌಂಡಿನ ಡಬ್ಬ ತೆರೆಯುವ ಪ್ರಸಂಗ ಅಪರೂಪ.

ಇಷ್ಟಾದರೂ ಹೊಸಬರ ಕೈ ಒಂದು ಕಡೆ ತಡೆಯುವುದಿಲ್ಲ: ಗೀರು. ಧಕ್ಕೆಯ ಕಲ್ಲಿಗೆ ತಾಗಿ ಬಿದ್ದ ಗೀರಿನ ಮೇಲೆ ಅಡ್ಡಲಾಗಿ ಉಗುರೆಳೆದು ನೋಡಬೇಕು. ಉಗುರು ಜಾರಿಹೋದರೆ ಪಾಲಿಶಿಗೆ ಹೋಗುವ ಗೀರದು. ಸಿಕ್ಕಿಕೊಂಡರೆ, ಅದನ್ನು ಅಳಿಸಲು ಸುತ್ತಲಿನ ಮೈಯನ್ನೆಲ್ಲ ಅದರ ತಳದವರೆಗೆ ಇಳಿಸಬೇಕಾಗುತ್ತದೆ. ಅಂಥದ್ದಕ್ಕೆ ಹೊಂದುವ ಬಣ್ಣದ ಜೆಲ್‌ಕೋಟ್ ಮೆತ್ತಿ ತುಂಬಬೇಕು, ಇಲ್ಲವೇ ಅದರ ಪಾಡಿಗೆ ಬಿಟ್ಟು ಮೆಷಿನ್ನನ್ನು ಮುಂದಕ್ಕೆ ಸರಿಸಬೇಕು.