ಸೇನಾವೆಚ್ಚವೂ ಕುಂತೂರಿನ ಮತದಾರನೂ

ಚುನಾವಣೆಯ ಕಾಲದಲ್ಲಿ ನಮ್ಮ ವೇದಿಕೆಗಳಿಂದ ಸೈನಿಕನ ಹೆಸರು ಧಾರಾಳವಾಗಿ ಕೇಳಿಬರುತ್ತದೆ. ಸೇನೆಯ ಲೆಕ್ಕ ಕೇಳಿಬರುವುದು ಅಪೂರ್ವ. ಮುಂದಿನ ಲೋಕಸಭಾ ಚುನಾವಣೆಯು 2029ರಲ್ಲಿ ಬರಬೇಕಾಗಿದೆ. 2025ರ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ ನಡೆದ ಹತ್ಯೆ, ಮೇ ತಿಂಗಳಿನಲ್ಲಿ ನಮ್ಮ ಪಡೆಗಳು ನಡೆಸಿದ ಸಿಂಧೂರ ಕಾರ್ಯಾಚರಣೆ, ಇವುಗಳ ತರುವಾಯ ಆ ಹೆಸರು ಇನ್ನೂ ಗಟ್ಟಿಯಾಗಿ ಕೇಳಿಬರುವುದರಲ್ಲಿ ಸಂದೇಹವಿಲ್ಲ. ಆದಕಾರಣ ಮತಯಾಚನೆಯ ಗದ್ದಲ ಏಳುವುದಕ್ಕೆ ಮೊದಲೇ, ಕುಂತೂರಿನಂಥ ಊರಿನ ಮತದಾರನು ಈ ವಿಷಯವನ್ನು ಹೇಗೆ ತೂಗಬೇಕೆಂಬುದನ್ನು ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಕುಂತೂರನ್ನೇ ಹೆಸರಿಸಿದ್ದಕ್ಕೆ ಕಾರಣವುಂಟು. ಕೊಳ್ಳೇಗಾಲ ತಾಲ್ಲೂಕಿನ ಈ ಊರಿನಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಸಾಗಿಸುವ ರೈತನು ವೇಬ್ರಿಡ್ಜಿನ ಚೀಟಿಯನ್ನು ನೋಡದೆ ಹಿಂತಿರುಗುವವನಲ್ಲ. ತೂಕ ಎಷ್ಟಾಯಿತು, ಕಟಾವಿನ ಕೂಲಿಗೆಂದು ಎಷ್ಟು ಮುರಿದರು, ಇಳುವರಿ ಎಷ್ಟು ಬಂದಿತು ಎಂದು ಕೇಳಿಯೇ ಕೇಳುವನು. ಹಾಗೆ ಕೇಳಿದವನನ್ನು ಕಾರ್ಖಾನೆಯ ಶತ್ರುವೆಂದು ಯಾರೂ ಕರೆಯುವುದಿಲ್ಲ. ಸೇನೆಯ ವೆಚ್ಚವನ್ನು ಕುರಿತು ಅದೇ ಬಗೆಯ ಪ್ರಶ್ನೆಯನ್ನು ಕೇಳಿದವನ ದೇಶಭಕ್ತಿಯನ್ನು ಮಾತ್ರ ಶಂಕಿಸುವ ಅಭ್ಯಾಸ ನಮ್ಮಲ್ಲಿ ಬೆಳೆದುಬಿಟ್ಟಿದೆ.

ಹಿಂದೆ ಹೀಗಿರಲಿಲ್ಲ. 1885ರಲ್ಲಿ ಮುಂಬಯಿಯಲ್ಲಿ ಸೇರಿದ ಮೊದಲನೆಯ ಕಾಂಗ್ರೆಸ್ ಮಹಾಸಭೆಯೇ ಸೇನಾವೆಚ್ಚದ ಹೆಚ್ಚಳವನ್ನು ಅನಾವಶ್ಯಕವೆಂದು ಖಂಡಿಸಿತು. 1931ರ ಕರಾಚಿ ನಿರ್ಣಯವು ಅದನ್ನು ಅರ್ಧಕ್ಕಾದರೂ ಇಳಿಸಬೇಕೆಂದು ಕೋರಿತು. ಆಗ ಕೊಳ್ಳೇಗಾಲವು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅದು ಮೈಸೂರಿಗೆ ಬಂದದ್ದು 1956ರ ನವೆಂಬರ್ 1ರಂದು. ಪರಕೀಯರ ಸೇನೆಗೆ ನಾವು ತೆತ್ತ ಹಣಕ್ಕೂ ನಮ್ಮ ಸೇನೆಗೆ ನಾವೇ ತೆರುವ ಹಣಕ್ಕೂ ಅಜಗಜಾಂತರವಿದೆಯೆಂಬುದನ್ನು ನಾವು ಬಲ್ಲೆವು. ಆದರೆ ಹಣ ನಮ್ಮದೇ ಆದಮೇಲೆ ಲೆಕ್ಕ ಕೇಳುವ ಹಕ್ಕು ಹೆಚ್ಚಬೇಕಲ್ಲದೆ ಕುಗ್ಗಬೇಕೇ?

ಕೇಳದೆ ಹೋದುದರ ಫಲವೇನೆಂಬುದಕ್ಕೆ 1962ಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಉತ್ತರ ಮುಂಬಯಿಯಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರಿಗೆ ಎದುರಾಗಿ ಆಚಾರ್ಯ ಕೃಪಲಾನಿಯವರು ನಿಂತರು. ದೇಶದ ರಕ್ಷಣೆಯೇ ಅಲ್ಲಿ ಚರ್ಚೆಯ ವಿಷಯವಾಗಿತ್ತು. ಆದರೂ ವ್ಯಕ್ತಿಯ ವರ್ಚಸ್ಸೂ ಪಕ್ಷದ ಹೆಸರೂ ಗೆದ್ದವು. ಮೆನನ್ನರು ಲಕ್ಷಕ್ಕೂ ಮೀರಿದ ಮತಗಳ ಅಂತರದಿಂದ ಆರಿಸಿಬಂದರು. ಎಂಟು ತಿಂಗಳು ಕಳೆಯುವುದರೊಳಗೆ ಚೀನೀ ಸೇನೆ ಗಡಿ ದಾಟಿತು. ನವೆಂಬರಿನಲ್ಲಿ ಅವರು ಪದವಿಯನ್ನು ಬಿಡಬೇಕಾಯಿತು. ಅನಂತರ ಸೇನಾವೆಚ್ಚವು ಒಮ್ಮೆಲೇ ಮೇಲೇರಿತು. 1963ರ ಚಿನ್ನದ ನಿಯಂತ್ರಣದಿಂದ, ಯುದ್ಧವನ್ನು ಎಂದೂ ಕಂಡರಿಯದ ಹಳ್ಳಿಯ ಅಕ್ಕಸಾಲಿಗನ ಕುಲುಮೆಯೂ ತಣ್ಣಗಾಯಿತು. ಸೇನೆಗೆ ಕಡಿಮೆ ಕೊಡುವುದೇ ಜಾಣತನವೆಂದು ಭಾವಿಸುವವರು ಇದನ್ನು ಮರೆಯಲಾಗದು. ನಮ್ಮ ವಾದ ವೆಚ್ಚವನ್ನು ಇಳಿಸಬೇಕೆಂಬುದಲ್ಲ.

ಈಗ ಅಂಕಿಗಳನ್ನು ನೋಡೋಣ. 2024ರ ಚುನಾವಣೆಗೆ ಮುನ್ನ ಮಂಡಿಸಿದ ಮಧ್ಯಂತರ ಆಯವ್ಯಯದಲ್ಲಿ ರಕ್ಷಣೆಗೆ 6,21,540 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಗಿತ್ತು. ಕೇಂದ್ರದ ಒಟ್ಟು ವೆಚ್ಚದಲ್ಲಿ ಇದು ನೂರಕ್ಕೆ ಹದಿಮೂರರಷ್ಟು. 140 ಕೋಟಿ ಜನರಿಗೆ ಹಂಚಿದರೆ ತಲೆಗೆ ಸುಮಾರು 4,400 ರೂಪಾಯಿ. ಐವರ ಕುಟುಂಬಕ್ಕೆ 22,000. ಇದರಲ್ಲಿ 1,41,205 ಕೋಟಿ ನಿವೃತ್ತಿ ವೇತನಕ್ಕೆ. ಹೊಸ ಶಸ್ತ್ರ, ವಿಮಾನ, ಹಡಗು ಮೊದಲಾದ ಬಂಡವಾಳದ ಬಾಬಿಗೆ 1,72,000 ಕೋಟಿ. ಅದೇ ವರ್ಷ ದೇಶದ ಗ್ರಾಮೀಣ ಉದ್ಯೋಗ ಖಾತರಿಗೆ ದೊರೆತದ್ದು 86,000 ಕೋಟಿ. 2025-26ರಲ್ಲಿ ರಕ್ಷಣೆಯ ಮೊತ್ತ 6,81,210 ಕೋಟಿಗೆ ಏರಿತು.

ಮೊತ್ತವನ್ನು ಕುರಿತು ಎರಡು ದೊಡ್ಡ ಪಕ್ಷಗಳಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲವೆಂಬುದನ್ನು ಮತದಾರನು ಮೊದಲು ತಿಳಿಯಬೇಕು. 2019ರಲ್ಲಿ, ಪುಲ್ವಾಮ ಮತ್ತು ಬಾಲಾಕೋಟ್‌ಗಳ ನೆರಳಿನಲ್ಲಿ, ಭಾರತೀಯ ಜನತಾ ಪಕ್ಷವು ಶಸ್ತ್ರ ಖರೀದಿಯನ್ನು ಚುರುಕುಗೊಳಿಸುವೆನೆಂದಿತು. ಕಾಂಗ್ರೆಸ್ಸು ರಕ್ಷಣಾವೆಚ್ಚ ಕುಗ್ಗಿದೆಯೆಂದು ದೂರಿ ಅದನ್ನು ಹೆಚ್ಚಿಸುವೆನೆಂದಿತು. ಕೊಳ್ಳೇಗಾಲದಲ್ಲಿ ಆಗ ಬಲವುಳ್ಳದ್ದಾಗಿದ್ದ ಬಹುಜನ ಸಮಾಜ ಪಕ್ಷಕ್ಕಂತೂ ಪ್ರಣಾಳಿಕೆ ಹೊರಡಿಸುವ ರೂಢಿಯೇ ಇಲ್ಲ. ಆ ಚುನಾವಣೆಯಲ್ಲಿ ನಮ್ಮ ಚಾಮರಾಜನಗರ ಕ್ಷೇತ್ರದ ಫಲ ನಿರ್ಣಯವಾದದ್ದು ಕೇವಲ 1,817 ಮತಗಳಿಂದ. (ಇದೇ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರ ವಿಧಾನಸಭಾ ಚುನಾವಣೆ ಒಂದೇ ಒಂದು ಮತದಿಂದ ತೀರ್ಮಾನವಾಯಿತು; ನನ್ನೊಬ್ಬನ ಮತದಿಂದ ಏನಾದೀತೆಂಬ ಉದಾಸೀನ ಇಲ್ಲಿಯವರಿಗೆ ಒಪ್ಪದು.)

ಭೇದವಿರುವುದು ಹಣವನ್ನು ವಿನಿಯೋಗಿಸುವ ರೀತಿಯಲ್ಲಿ. 2022ರ ಜೂನಿನಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ತರುಣರು ನಾಲ್ಕು ವರ್ಷ ಸೇವೆ ಸಲ್ಲಿಸುವರು. ನಾಲ್ವರಲ್ಲಿ ಒಬ್ಬನಷ್ಟೇ ಮುಂದುವರಿಯುವನು. ಉಳಿದವರು ಇಡಿಗಂಟನ್ನು ಪಡೆದು ನಿವೃತ್ತಿ ವೇತನವಿಲ್ಲದೆ ಊರಿಗೆ ಮರಳುವರು. ಸೇನೆಗೆ ತಾರುಣ್ಯ ಬರಲೆಂಬುದು ಸರಕಾರ ಕೊಟ್ಟ ಕಾರಣ. 2024ರಲ್ಲಿ ಕಾಂಗ್ರೆಸ್ಸು ಇದನ್ನು ರದ್ದುಪಡಿಸುವೆನೆಂದಿತು. ನಿವೃತ್ತಿ ವೇತನದ ಭಾರ ಹೊಸ ಶಸ್ತ್ರಗಳ ಹಣವನ್ನು ನುಂಗುತ್ತಿದೆಯೆಂಬುದು ಯೋಜನೆಯ ನಿಜವಾದ ಕಾರಣಗಳಲ್ಲೊಂದಾದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಆಳುವ ಪಕ್ಷಕ್ಕೆ ಬೇಕು. ಹಳೆಯ ಪದ್ಧತಿಯನ್ನು ಮರಳಿ ತರುವುದಾದರೆ ಹಣವೆಲ್ಲಿಂದ ಬರುವುದೆಂದು ಹೇಳುವ ಹೊಣೆ ವಿರೋಧ ಪಕ್ಷದ್ದು. ನಮಗೆ ಎರಡೂ ಕಡೆಯ ಉತ್ತರ ಅರ್ಧವೆಂದೇ ತೋರಿದೆ. 2029ರ ಹೊತ್ತಿಗೆ ಮರಳಿಬಂದ ತರುಣರು ಊರೂರಿನಲ್ಲಿ ಇರುವರು, ಅವರನ್ನೇ ವಿಚಾರಿಸಬಹುದು.

ಇನ್ನು ಶಸ್ತ್ರಗಳ ಮಾತು. 2021ರಲ್ಲಿ ಬೆಂಗಳೂರಿನ ಎಚ್.ಎ.ಎಲ್.ಗೆ ಸುಮಾರು 48,000 ಕೋಟಿ ರೂಪಾಯಿಗೆ 83 ತೇಜಸ್ ವಿಮಾನಗಳ ಆದೇಶ ದೊರೆಯಿತು. ನಮ್ಮವರ ಕೈಗೆ ಕೆಲಸ ಕೊಡುವ ಇಂಥ ವೆಚ್ಚವನ್ನು ನಾವು ಮನಸಾರೆ ಸ್ವಾಗತಿಸುವೆವು. ಆದರೆ ಇಂಜಿನ್ನು ಅಮೆರಿಕದಿಂದ ಬರಬೇಕು; 2024ರ ಮಾರ್ಚಿನೊಳಗೆ ಆರಂಭವಾಗಬೇಕಿದ್ದ ಪೂರೈಕೆ ಆ ಗಡುವಿಗೆ ಆಗಲಿಲ್ಲ. ಮತಯಾಚನೆ ಭರದಿಂದ ಸಾಗಿದ್ದ ತಿಂಗಳು ಅದೇ.

ಆ ಏಪ್ರಿಲಿನ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ, ರಸ್ತೆ ನೀರುಗಳಿಲ್ಲವೆಂದು ಜನರು ಮತದಾನವನ್ನು ಬಹಿಷ್ಕರಿಸಿದರು. ಘರ್ಷಣೆಯಲ್ಲಿ ಮತಗಟ್ಟೆ ಧ್ವಂಸವಾಯಿತು. 29ರಂದು ಮರುಮತದಾನ ನಡೆಯಿತು. ಹಿಂಸೆಯನ್ನು ನಾವು ಒಪ್ಪಲಾರೆವು. ಆದರೆ ದೇಶದ ಬಲವನ್ನು ಕುರಿತ ಭಾಷಣ ಆ ಬೆಟ್ಟದ ಊರಿನಲ್ಲಿ ಹೇಗೆ ಕೇಳಿಸಿತೆಂಬುದನ್ನು ಅಧಿಕಾರಿಗಳಾದ ನಮ್ಮ ವಾಚಕರು ಊಹಿಸಿಕೊಳ್ಳಬೇಕು.

2023ರ ಮಾರ್ಚಿನಲ್ಲಿ ಲೋಕಸಭೆಯು ಸುಮಾರು 45 ಲಕ್ಷ ಕೋಟಿ ರೂಪಾಯಿಗಳ ಬೇಡಿಕೆಗಳನ್ನು, ರಕ್ಷಣೆಯದನ್ನೂ ಒಳಗೊಂಡು, ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕರಿಸಿತು. ಕುಂತೂರಿಗೆ ಬರುವ ಅಭ್ಯರ್ಥಿಯು ಯಾವ ಪಕ್ಷದವನೇ ಆಗಿರಲಿ, ಅಂಥ ದಿನ ತಾನು ಆ ಸಭೆಯಲ್ಲಿ ಎದ್ದು ನಿಂತು ಯಾವ ಬಾಬನ್ನು ಕುರಿತು ಏನು ಕೇಳುವನೆಂದು ಮತದಾರರು ಅವನನ್ನು ಮುಂಚಿತವಾಗಿಯೇ ಪ್ರಶ್ನಿಸಲಿ.