ಸೇವಂತಿಗೆಯ ಜಾಗರಣೆ

ವೈಶಾಖದ ರಾತ್ರಿ. ಚಿಕ್ಕಬಳ್ಳಾಪುರದ ಹತ್ತಿರ ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗೆ ತಿರುಗಿದರೆ ಕತ್ತಲೆಯ ನಡುವೆ ಅಲ್ಲೊಂದು ಇಲ್ಲೊಂದು ಹೊಲ ಬೆಳದಿಂಗಳ ಮಡುವಿನಂತೆ ಹೊಳೆಯುತ್ತಿರುತ್ತದೆ. ಮದುವೆ ಚಪ್ಪರವೇನೋ ಅನ್ನೋಣವೆಂದರೆ ವಾಲಗದ ಸದ್ದಿಲ್ಲ. ಸಾಲಾಗಿ ನೆಟ್ಟ ಗೂಟ, ಗೂಟದಿಂದ ಗೂಟಕ್ಕೆ ತಂತಿ, ತಂತಿಗೆ ಜೋತುಬಿದ್ದ ಬಲ್ಬು. ಒಂದೊಂದು ಬಲ್ಬಿಗೂ ಹುಳುಗಳ ಪ್ರದಕ್ಷಿಣೆ. ಕೆಳಗೆ, ಕಣ್ಣು ಬಿಟ್ಟುಕೊಂಡು ನಿಂತಂತೆ, ಗೇಣುದ್ದದ ಸೇವಂತಿಗೆ ಸಸಿಗಳು.

ಟವೆಲ್ ಹೊದ್ದು ಬದುವಿನ ಮೇಲೆ ಕೂತ ರೈತರನ್ನು ಕೇಳಿ: "ಹೂ ಬೇಗ ಬಿಡಲಿ ಅಂತ ದೀಪ ಹಾಕಿದ್ದೀರಾ?"

ಅವರು ನಗುತ್ತಾರೆ. "ಬಿಡಬಾರ್ದು ಅಂತ ಹಾಕಿರೋದು ಸಾರ್."

ಸೇವಂತಿಗೆ ಸೂರ್ಯಕಾಂತಿಯ ದಾಯಾದಿ, ಚೆಂಡುಹೂವಿಗೂ ನೆಂಟ. ಮನೆತನದ ಗುರುತೂ ಒಂದೇ. ನಾವು ಒಂದು ಹೂ ಎಂದುಕೊಳ್ಳುವುದು ಪುಟ್ಟಪುಟ್ಟ ಹೂಗಳ ಸಂತೆ. ಬಿಡಿಸಿದಾಗ ಕೈಗೆ ಬರುವ ಎಸಳು ಎಸಳೂ ಒಂದೊಂದು ಹೂವೇ. ಆದರೆ ಹೂ ಬಿಡುವ ಲೆಕ್ಕದಲ್ಲಿ ಇದರ ನಂಟು ಕತ್ತಲೆಯ ಜೊತೆ. ರಾತ್ರಿ ಎಷ್ಟು ಉದ್ದವಿದೆ ಎಂದು ಎಲೆಗಳು ಅಳೆಯುತ್ತವೆ. ಕತ್ತಲೆ ಸಾಕಷ್ಟು ಹೊತ್ತು, ಎಡೆಬಿಡದೆ ಸಿಕ್ಕಿತೋ, ತುದಿಯಲ್ಲಿ ಮೊಗ್ಗು. ನಮ್ಮ ಸೀಮೆಯಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ 13 ಗಂಟೆ ದಾಟುವುದಿಲ್ಲ. ಹಾಗಾಗಿ ಸುಮ್ಮನೆ ಬಿಟ್ಟರೆ ಗಿಡ ಮೈ ತುಂಬಿಕೊಳ್ಳುವ ಮುಂಚೆಯೇ ಮೊಗ್ಗು ಹಿಡಿಯುತ್ತದೆ. ಎಳೆಯ ವಯಸ್ಸಿಗೆ ಬಸಿರು, ಹೂವೂ ಅಷ್ಟಕ್ಕಷ್ಟೆ.

ಅದಕ್ಕೇ ಈ ಜಾಗರಣೆ. ರಾತ್ರಿಯಿಡೀ ಉರಿಸಬೇಕೆಂದೇನಿಲ್ಲ. ನಡುರಾತ್ರಿ ಕೆಲವು ತಾಸು ಬೆಳಕು ಬಿದ್ದರೆ ಸಾಕು, ಒಂದು ದೊಡ್ಡ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿ ಒಡೆಯುತ್ತದೆ. ಗಿಡದ ಲೆಕ್ಕ ತಪ್ಪುತ್ತದೆ. ಮೊಗ್ಗಿನ ಯೋಚನೆ ಬಿಟ್ಟು ಅದು ಎಲೆ, ಕೊಂಬೆ ಎಂದು ಬೆಳೆಯುತ್ತಾ ಹೋಗುತ್ತದೆ. ಕರೆಂಟು ಕೈಕೊಟ್ಟ ರಾತ್ರಿ ಗಿಡಕ್ಕೆ ನಿದ್ದೆ, ರೈತನಿಗೆ ಜಾಗರಣೆ.

ಬೆಳಿಗ್ಗೆ ಇದೇ ಹೊಲದಲ್ಲಿ ಬೇರೆಯದೇ ಗಡಿಬಿಡಿ. ಡ್ರಿಪ್ ಪೈಪಿನಲ್ಲಿ ಬೋರ್‌ವೆಲ್ ನೀರು ತೊಟ್ಟಿಕ್ಕುತ್ತಿದೆ. ಹೆಂಗಸರು ಸಾಲು ಹಿಡಿದು ಬಗ್ಗಿ ಬಗ್ಗಿ ಚಿಗುರು ಚಿವುಟುತ್ತಿದ್ದಾರೆ. ಒಂದು ತುದಿ ಮುರಿದರೆ ಪಕ್ಕದಲ್ಲಿ ನಾಲ್ಕಾರು ಕವಲು. ಕವಲು ಹೆಚ್ಚಿದಷ್ಟೂ ಹೂ. ಬೆರಳ ತುದಿಗೆ ಹಸಿರು ಅಂಟುತ್ತದೆ. ಜೊತೆಗೆ ಆ ಕಹಿಗಂಪು, ಹೂವಿಗಿಂತ ಎಲೆಯಲ್ಲೇ ಹೆಚ್ಚು.

ನೆಟ್ಟು ತಿಂಗಳಾಗುತ್ತಾ ಬಂದಾಗ ಒಂದು ಸಂಜೆ ರೈತ ಸ್ವಿಚ್ ಹಾಕುವುದಿಲ್ಲ. ಅಷ್ಟು ದಿನ ಹೊಳೆದ ಹೊಲ ಅಂದು ಪಕ್ಕದ ರಾಗಿ ಹೊಲದಷ್ಟೇ ಕಪ್ಪು. ದಾರಿಹೋಕರಿಗೆ ಅಲ್ಲಿ ನೋಡಲು ಏನೂ ಇಲ್ಲ. ಗಿಡಕ್ಕೆ ಮಾತ್ರ ಬಹುದಿನಗಳ ಮೇಲೆ ಒಂದು ಇಡೀ ರಾತ್ರಿ ಸಿಕ್ಕಿದೆ. ಅಲ್ಲಿಂದ ಬೆರಳು ಮಡಚಿ ಎಣಿಸಿದರೆ, ತಳಿ ನೋಡಿಕೊಂಡು, ಎಂಟು ಹತ್ತು ವಾರಕ್ಕೆ ಹೂ. ಎಣಿಕೆ ನಿಲ್ಲಬೇಕಾದ್ದು ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಹೊಸ್ತಿಲಲ್ಲಿ. ಹಬ್ಬದ ಹಿಂದಿನ ದಿನದ ರೇಟು ಮಾರನೆಯ ದಿನ ಇರುವುದಿಲ್ಲ.

ಶ್ರಾವಣದ ಬೆಳಗಿನ ಜಾವ, ಬೆಂಗಳೂರಿನ ಕೆ.ಆರ್. ಮಾರುಕಟ್ಟೆ. ಟೆಂಪೊ ಇಳಿದ ಮೂಟೆ ಬಿಚ್ಚಿದೊಡನೆ ಅರಿಸಿನ, ಬಿಳಿ ರಾಶಿ ಉಕ್ಕುತ್ತದೆ. ತಕ್ಕಡಿ ತೂಗಾಡುತ್ತದೆ, ಕೂಗು ಏರುತ್ತದೆ. ರಾಶಿಯ ಮೇಲೆ ಇಲ್ಲೂ ಬಲ್ಬು, ಇಲ್ಲೂ ನಡುರಾತ್ರಿಯಿಂದ ಬೆಳಕು. ಆದರೆ ಅರಳಿ ಬಂದ ಹೂವನ್ನು ಈ ದೀಪ ಇನ್ನು ತಡೆಯಲಾರದು.