ಹೆಬ್ಬೆರಳಿನ ಕೀಲು ಬದಲಿಸಿದರೆ ಕೈ ಎಷ್ಟು ಸುಧಾರಿಸೀತು?



ಅಡಿಕೆ ಸುಲಿಯಲು, ಹಾಲು ಕರೆಯಲು, ಹುಲ್ಲು ಕೊಯ್ಯಲು, ಜಪಮಾಲೆಯ ಮಣಿ ಸರಿಸಲೂ ಹೆಬ್ಬೆರಳು ಬೇಕು. ಅದರ ತುದಿಯಿಂದ ಏನನ್ನಾದರೂ ಬಿಗಿಯಾಗಿ ಹಿಡಿದಾಗ ಬುಡದ ಕೀಲಿನ ಮೇಲೆ ಅದಕ್ಕಿಂತ ಹಲವು ಪಟ್ಟು ಹೆಚ್ಚು ಒತ್ತಡ ಬೀಳುತ್ತದೆ. ವರ್ಷಗಳು ಕಳೆದಂತೆ ಅಲ್ಲಿನ ಮೃದ್ವಸ್ಥಿ ಸವೆದು, ಎಲುಬಿಗೆ ಎಲುಬು ಉಜ್ಜಿ ನೋವಾಗುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಈ ಸಂಧಿವಾತ ಹೆಚ್ಚು.

ಕೈಗೆ ಆಧಾರಪಟ್ಟಿ, ವ್ಯಾಯಾಮ, ನೋವಿನ ಔಷಧಿ ಇವೇ ಮೊದಲ ಚಿಕಿತ್ಸೆ. ಇವುಗಳಿಂದ ಗುಣ ಕಾಣದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಬುಡದ ಸಣ್ಣ ಎಲುಬನ್ನು ತೆಗೆಯುವುದು ಹಳೆಯ ವಿಧಾನ. ಸವೆದ ಕೀಲಿನ ಬದಲು ಕೃತಕ ಕೀಲು ಕೂರಿಸುವುದು ಇನ್ನೊಂದು.

ಆಮೇಲೆ ಕೈ ಎಷ್ಟು ಸುಧಾರಿಸೀತು? ಎಕ್ಸ್‌ರೇ ಒಂದರಿಂದಲೇ ಹೇಳಲಾಗದು. ಸವೆತ ಹೆಚ್ಚಿದ್ದೂ ನೋವು ಕಡಿಮೆ ಇರುವವರುಂಟು; ಸವೆತ ಅಲ್ಪವಾಗಿದ್ದೂ ನರಳುವವರುಂಟು. ಈ ಕೀಲಿನ ಶಸ್ತ್ರಚಿಕಿತ್ಸೆಯಾದವರ ಬಗ್ಗೆ ನೆದರ್‌ಲ್ಯಾಂಡ್ಸಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಂಪ್ಯೂಟರ್ ಲೆಕ್ಕಾಚಾರದಿಂದ ಕೈಯ ಕೆಲಸ ಸುಧಾರಿಸುವುದನ್ನು ತಕ್ಕಮಟ್ಟಿಗೆ ಮುಂಗಾಣಬಹುದು, ನೋವು ಇಳಿಯುವುದನ್ನು ಹಾಗೆ ಮುಂಗಾಣಲಾಗದು ಎಂದು ಕಂಡುಬಂತು. ಆದುದರಿಂದ "ನೋವು ಪೂರ್ಣ ಹೋಗುತ್ತದೆ" ಎಂಬ ಭರವಸೆಯನ್ನು ಯಾರೇ ಕೊಟ್ಟರೂ ನಂಬಬೇಡಿ.

ವೈದ್ಯರೊಡನೆ ಈ ವಿಷಯಗಳನ್ನು ಮಾತನಾಡಿರಿ:

1. ಈಗ ಕೈಯಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ? ತೀರಾ ಕೈಲಾಗದ ಸ್ಥಿತಿಯಲ್ಲಿರುವವರಿಗೆ ಸುಧಾರಣೆ ಹೆಚ್ಚಾಗಿ ಎದ್ದು ಕಾಣುತ್ತದೆ.

2. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಇಲ್ಲವಾದರೆ ಗಾಯಕ್ಕೆ ಸೋಂಕು ತಗಲುವ ಭಯವಿದೆ. ಬೀಡಿ ಸೇದಿದರೆ ಗಾಯ ಮಾಯುವುದು ನಿಧಾನ.

3. ಎಲುಬು ಗಟ್ಟಿಯಿದೆಯೇ? ಸವೆದ ಸಣ್ಣ ಎಲುಬಿನಲ್ಲಿ ಕೃತಕ ಕೀಲು ಸಡಿಲವಾಗಬಹುದು.

4. ಮುಂದೆ ಪಿಕಾಸಿ, ಕೊಡಲಿ ಹಿಡಿಯಬೇಕೇ? ಭಾರದ ಕೆಲಸದವರಿಗೆ ಬೇರೆ ವಿಧಾನವೇ ಒಳ್ಳೆಯದಾಗಬಹುದು.

ಕೃತಕ ಕೀಲಾದರೆ ಹಗುರ ಕೆಲಸಕ್ಕೆ ಕೆಲವು ವಾರ, ಬಿಗಿ ಹಿಡಿತಕ್ಕೆ ಸುಮಾರು ಮೂರು ತಿಂಗಳು ಬೇಕು. ಎಲುಬು ತೆಗೆದರೆ ಚೇತರಿಕೆ ಇನ್ನೂ ನಿಧಾನ. ಪೂರ್ಣ ಬಲ ಬರಲು ವರ್ಷವೂ ಆದೀತು. ಆದ್ದರಿಂದ ಅಡಿಕೆ ಕೊಯ್ಲಿನಿಂದ ಹಿಂದಕ್ಕೆ ಲೆಕ್ಕಹಾಕಿ ದಿನ ಗೊತ್ತುಮಾಡಿ. ಹಸು ಕರೆಯುವವರು ಯಾರು, ಅಡುಗೆ ಯಾರದು ಎಂದು ಮೊದಲೇ ಮನೆಯಲ್ಲಿ ತೀರ್ಮಾನಿಸಿರಿ. ಕಲಿಸಿಕೊಟ್ಟ ವ್ಯಾಯಾಮವನ್ನು ತಪ್ಪಿಸಬೇಡಿ. ಗಾಯ ಕೆಂಪಾಗಿ ಊದಿದರೆ, ಕೀವು ಅಥವಾ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ.

ತಾಯಂದಿರು ನೋವು ನುಂಗಿಕೊಂಡು ದುಡಿಯುವುದು ನಮ್ಮಲ್ಲಿ ಹೆಚ್ಚು. ಅವರ ಕೈಗಳಿಗೆ ಮೂರು ತಿಂಗಳ ವಿಶ್ರಾಂತಿ ಕೊಡುವುದು ಮನೆಯವರೆಲ್ಲರ ಕರ್ತವ್ಯ.